ಹೊಸ ಸಾಫ್ಟ್‌ವೇರ್ ಬೇಡ, ಇರುವವು ಒಂದಕ್ಕೊಂದು ಮಾತಾಡಲಿ

ಮಾನ್ಯ ಸಂಪಾದಕರೇ,

ದಾವಣಗೆರೆಯಲ್ಲಿ ಪೈಪು, ಪಂಪ್‌ಸೆಟ್, ಡ್ರಿಪ್ ಸಾಮಾನು ಮಾರುವ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಜಗಳೂರು, ಚನ್ನಗಿರಿ, ಹೊನ್ನಾಳಿ, ಹೊಳಲ್ಕೆರೆ, ಚಳ್ಳಕೆರೆ ಕಡೆಯ ಅಂಗಡಿಗಳಿಗೆಲ್ಲ ನಮ್ಮಿಂದ ಮಾಲು ಹೋಗುತ್ತದೆ. ನಮ್ಮ ಊರಿನ ವ್ಯಾಪಾರಸ್ಥರಿಗೆ ಒಂದು ಮಾತು ಹೇಳಬೇಕು ಅಂತ ಈ ಪತ್ರ. ಇನ್ನೊಂದು ಹೊಸ ಸಾಫ್ಟ್‌ವೇರ್‌ಗೆ ದುಡ್ಡು ಕಟ್ಟುವ ಮೊದಲು, ಈಗ ನಿಮ್ಮ ಹತ್ತಿರ ಇರುವವು ಒಂದರ ಜೊತೆ ಒಂದು ಮಾತಾಡುತ್ತವಾ ಅಂತ ನೋಡಿ.

ನಮ್ಮಲ್ಲಿ ಬಿಲ್ಲಿಗೆ ಒಂದು ಸಾಫ್ಟ್‌ವೇರ್ ಇತ್ತು, ಗೋಡೌನ್ ಸ್ಟಾಕಿಗೆ ಇನ್ನೊಂದು, ಹಳ್ಳಿ ಸುತ್ತುವ ಸೇಲ್ಸ್ ಹುಡುಗರ ಮೊಬೈಲಿನಲ್ಲಿ ಆರ್ಡರ್ ಆ್ಯಪ್. ಇವು ಮೂರು ಮನೆಯೊಳಗಿನವು. ಹೊರಗಡೆ ಬ್ಯಾಂಕು, ಪೈಪ್ ಕಂಪನಿಯ ಪೋರ್ಟಲ್, ಮಾಲು ಸಾಗಿಸಲು ಬೇಕಾದ ಸರ್ಕಾರದ ಇ-ವೇ ಬಿಲ್, ನಮ್ಮ ಬಿಲ್ಲನ್ನು ಸರ್ಕಾರದಲ್ಲಿ ದಾಖಲಿಸುವ ಇ-ಇನ್‌ವಾಯ್ಸ್. ಒಂದೊಂದೂ ತನ್ನ ಪಾಡಿಗೆ ಚೆನ್ನಾಗೇ ಇತ್ತು. ಆದರೆ ಒಂದರಲ್ಲಿ ಇರುವುದು ಇನ್ನೊಂದಕ್ಕೆ ಗೊತ್ತಾಗುತ್ತಿರಲಿಲ್ಲ. ಅಲ್ಲಿ ನೋಡಿ ಇಲ್ಲಿ ಟೈಪ್ ಮಾಡುವುದೇ ನನ್ನ ಕೆಲಸವಾಗಿತ್ತು. ಒಂದೇ ಆರ್ಡರನ್ನು ನಾಲ್ಕು ಸಲ ಹೊಡೆಯುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಚಳ್ಳಕೆರೆ ಕಡೆಗೆ ಒಂದು ಲೋಡ್ ಹೊರಟಿತ್ತು. ಗೇಟಿನ ಪುಸ್ತಕದಲ್ಲಿ ಲಾರಿ ನಂಬರಿನ ಕೊನೆಗೆ 47 ಅಂತ ಇದ್ದದ್ದನ್ನು ಇ-ವೇ ಬಿಲ್ಲಿನಲ್ಲಿ ನಾನು 74 ಅಂತ ಹೊಡೆದಿದ್ದೆ. ದಾರಿಯಲ್ಲಿ ತಪಾಸಣೆಗೆ ಲಾರಿ ನಿಂತಿತು. ನಂಬರಿನ ಒಂದೆರಡು ಅಂಕಿ ಮಾತ್ರ ತಪ್ಪಿದ್ದರೆ ಸಣ್ಣ ದಂಡ ಹಾಕಿ ಬಿಡಬೇಕು ಅಂತ 2018ರಲ್ಲೇ ಸುತ್ತೋಲೆ ಬಂದಿದೆ, ಹಾಗಾಗಿ 1000 ರೂಪಾಯಿಯಲ್ಲಿ ಮುಗಿಯಿತು. ಆದರೆ ಅಷ್ಟೆಲ್ಲ ಆಗುವಷ್ಟರಲ್ಲಿ ಸಂಜೆಯಾಗಿತ್ತು. ಆ ಲೋಡಿನಲ್ಲಿ ಒಬ್ಬ ರೈತರಿಗೆ ಸೇರಬೇಕಾದ ಸಬ್‌ಮರ್ಸಿಬಲ್ ಮೋಟಾರ್ ಇತ್ತು. ಹಳೇದು ಸುಟ್ಟು ಮೂರು ದಿನದಿಂದ ತೋಟಕ್ಕೆ ನೀರಿಲ್ಲ. ಮೋಟಾರ್ ಇಳಿಸುವ ಗಾಡಿಯನ್ನು ಬಾಡಿಗೆಗೆ ತರಿಸಿ, ಬೆಳಗ್ಗೆಯಿಂದ ಬೋರ್‌ವೆಲ್ ಪಕ್ಕದಲ್ಲೇ ನಿಲ್ಲಿಸಿಕೊಂಡು ಕಾದಿದ್ದರಂತೆ. ಸಂಜೆ ಗಾಡಿ ವಾಪಸ್ ಹೋಯಿತು, ಬಾಡಿಗೆ ಅವರ ಕೈಯಿಂದಲೇ ಹೋಯಿತು. ಮರುದಿನ ಅವರು ಫೋನಿನಲ್ಲಿ ಬೈಯಲಿಲ್ಲ, ಯಾವಾಗ ಬರುತ್ತೆ ಅಂತ ಮಾತ್ರ ಕೇಳಿದರು. ಅದು ನನಗೆ ಇವತ್ತಿಗೂ ಮರೆತಿಲ್ಲ.

ನಮ್ಮ ಸಾಹುಕಾರರು ಮೊದಲು ಎಲ್ಲವನ್ನೂ ತೆಗೆದು ಒಂದೇ ದೊಡ್ಡ ಸಾಫ್ಟ್‌ವೇರ್ ಹಾಕಿಸೋಣ ಅಂದರು. ಅವರ ಪರಿಚಯದ ಹುಡುಗಿಯೊಬ್ಬಳು, ಇಲ್ಲೇ ಇಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಕೆಲಸ ಮಾಡುವವಳು, ಬೇಡ ಅಂದಳು. ದೊಡ್ಡದು ಹಾಕಿಸಿದರೂ ಬ್ಯಾಂಕು, ಕಂಪನಿ, ಸರ್ಕಾರದ ಪೋರ್ಟಲ್ ಹೊರಗೇ ಇರುತ್ತವೆ ಅಲ್ವಾ, ನಿಮಗೆ ಬೇಕಿರುವುದು ಮಿಡಲ್‌ವೇರ್ ಅಂದಳು. ಮಿಡಲ್‌ವೇರ್ ಅಂದರೆ ನಡುವೆ ಕೂರುವ ಸಾಫ್ಟ್‌ವೇರ್. ಈ ಕಡೆಯಿಂದ ಮಾಹಿತಿ ತಗೊಂಡು, ಆ ಕಡೆಗೆ ಅರ್ಥವಾಗುವ ಹಾಗೆ ಬದಲಿಸಿ, ದಾಟಿಸುವುದು ಅದರ ಕೆಲಸ. ಗಿರಾಕಿ ಕಣ್ಣಿಗೆ ಅದು ಬೀಳುವುದೇ ಇಲ್ಲ. ಈ ಪದ ಹೊಸದೂ ಅಲ್ಲ, 1968ರಲ್ಲಿ ಜರ್ಮನಿಯಲ್ಲಿ ನಡೆದ ಸಾಫ್ಟ್‌ವೇರ್ ಇಂಜಿನಿಯರಿಂಗ್ ಸಮ್ಮೇಳನದ ವರದಿಯಲ್ಲೇ ಇದೆಯಂತೆ.

ಬದಲಿಸುವುದು ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳ್ಳಿ ಅಂಗಡಿಯವರು ಎರಡಿಂಚು ಪೈಪು ಅನ್ನುತ್ತಾರೆ. ನಮ್ಮ ಬಿಲ್ಲಿನಲ್ಲಿ ಅದು 63 ಎಂಎಂ. ಗೋಡೌನಿನಲ್ಲಿ ಎಣಿಸುವುದು ಲೆಂತ್ ಲೆಕ್ಕದಲ್ಲಿ, ಒಂದು ಲೆಂತ್ ಅಂದರೆ 6 ಮೀಟರ್. ಪೈಪ್ ಕಂಪನಿಯವರಿಗೆ ಅವರದೇ ಉದ್ದನೆಯ ಕೋಡ್ ಬೇಕು. ಸರ್ಕಾರಕ್ಕೆ ತೆರಿಗೆಗಾಗಿ ಮಾಲು ಯಾವುದು ಅಂತ ಗುರುತಿಸುವ ಎಚ್‌ಎಸ್‌ಎನ್ ನಂಬರ್ ಬೇಕು, ಪ್ಲಾಸ್ಟಿಕ್ ಪೈಪಾದರೆ 3917. ಪೈಪು ಒಂದೇ, ಹೆಸರು ಐದು. ಮಂಡಿಪೇಟೆಯ ಹಳೇ ಗುಮಾಸ್ತರನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ರೈತ ಚೀಲದಲ್ಲಿ ಹೇಳಿದ್ದನ್ನು ಅವರು ಖರೀದಿದಾರನಿಗೆ ಕ್ವಿಂಟಾಲಿನಲ್ಲಿ, ಲಾರಿಯವನಿಗೆ ಟನ್ನಿನಲ್ಲಿ ಹೇಳುತ್ತಿದ್ದರು, ಮೂವರಿಗೂ ಲೆಕ್ಕ ಸರಿಯಾಗಿ ತಲುಪುತ್ತಿತ್ತು. ಮಿಡಲ್‌ವೇರ್ ಮಾಡುವುದೂ ಅದೇ.

ಈಗ ಜಗಳೂರಿನಲ್ಲಿ ನಮ್ಮ ಹುಡುಗ ಆರ್ಡರ್ ಒತ್ತಿದರೆ ಗೋಡೌನಿನಲ್ಲಿ ಮಾಲು ಇದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ, ಇದ್ದರೆ ಬಿಲ್ ತಯಾರಾಗುತ್ತದೆ, ಬಿಲ್ಲಿನ ವಿವರ ಇ-ಇನ್‌ವಾಯ್ಸ್ ಪೋರ್ಟಲ್‌ಗೆ ಹೋಗಿ 64 ಅಕ್ಷರದ ನಂಬರು ಮತ್ತು ಕ್ಯೂಆರ್ ಕೋಡ್ ವಾಪಸ್ ಬಂದು ಬಿಲ್ಲಿನ ಮೇಲೇ ಅಚ್ಚಾಗುತ್ತದೆ. ಲಾರಿ ನಂಬರನ್ನು ಗೇಟಿನಲ್ಲಿ ಒಂದೇ ಸಲ ಹೊಡೆಯುತ್ತೇವೆ. ನಾನು ಕಣ್ಣಾಡಿಸಿ ಓಕೆ ಒತ್ತುತ್ತೇನೆ, ಅಷ್ಟೇ.

ಇನ್ನೊಂದು ಉಪಯೋಗ ಮೊದಲು ನನ್ನ ತಲೆಗೇ ಹೋಗಿರಲಿಲ್ಲ. ಕರೆಂಟು ಹೋಗುತ್ತದೆ, ನೆಟ್ ಹೋಗುತ್ತದೆ, ಕೆಲವೊಮ್ಮೆ ಪೋರ್ಟಲ್ಲೇ ತೆರೆಯುವುದಿಲ್ಲ. ಆಗ ಬಿಲ್ಲುಗಳು ಕಳೆದುಹೋಗುವುದಿಲ್ಲ, ಮಿಡಲ್‌ವೇರ್ ಅವನ್ನು ಸಾಲಿನಲ್ಲಿ ನಿಲ್ಲಿಸಿ ಇಟ್ಟುಕೊಳ್ಳುತ್ತದೆ, ಬಾಗಿಲು ತೆರೆದ ಮೇಲೆ ಒಂದೊಂದಾಗಿ ಕಳಿಸುತ್ತದೆ. ಯಾವುದು ಹೋಯಿತು, ಯಾವುದು ಹೋಗಿಲ್ಲ ಅಂತ ಬರೆದಿಟ್ಟುಕೊಳ್ಳುತ್ತದೆ, ಹಾಗಾಗಿ ಒಂದೇ ಬಿಲ್ ಎರಡು ಸಲ ಹೋಗುವುದಿಲ್ಲ.

ನಡುವೆ ಇನ್ನೊಂದು ಯಾಕೆ, ನೇರವಾಗಿ ಒಂದಕ್ಕೊಂದು ಜೋಡಿಸಿದರೆ ಸಾಲದಾ ಅಂತ ನಾನೂ ಕೇಳಿದ್ದೆ. ಎರಡೋ ಮೂರೋ ಇದ್ದರೆ ಸಾಕು. ಆದರೆ ಮನೆಯೊಳಗಿನ ಮೂರು, ಹೊರಗಿನ ನಾಲ್ಕು ಸೇರಿ ಏಳನ್ನು ಒಂದಕ್ಕೊಂದು ಕಟ್ಟಿದರೆ 21 ಹಗ್ಗ ಬೇಕು, ಹತ್ತಾದರೆ 45. ಎಲ್ಲವೂ ಬೇಕಾಗಲಿಕ್ಕಿಲ್ಲ, ಅರ್ಧವಾದರೂ ಬೇಕಲ್ಲ. ನಡುವೆ ಒಂದಿದ್ದರೆ ಏಳಕ್ಕೆ ಏಳೇ ಹಗ್ಗ. ಒಂದು ಬದಲಾದರೆ ಒಂದನ್ನೇ ಬಿಚ್ಚಿ ಕಟ್ಟಿದರಾಯಿತು. ಬದಲಾವಣೆಗೇನೂ ಬರವಿಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. 2018ರ ಏಪ್ರಿಲ್ 1ಕ್ಕೆ ಇ-ವೇ ಬಿಲ್ ಬಂತು, ರಾಜ್ಯದೊಳಗಿನ ಸಾಗಣೆಗೂ ಅವತ್ತೇ ಶುರು ಮಾಡಿದ್ದು ನಮ್ಮ ಕರ್ನಾಟಕ. ಇ-ಇನ್‌ವಾಯ್ಸ್ 2020ರಲ್ಲಿ 500 ಕೋಟಿ ವಹಿವಾಟಿನವರಿಗೆ ಶುರುವಾಗಿ, 2023ರ ಆಗಸ್ಟ್ 1ಕ್ಕೆ 5 ಕೋಟಿ ದಾಟಿದವರ ತನಕ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ಡ್ರಿಪ್ ಸಾಮಾನಿನ ತೆರಿಗೆ 12ರಿಂದ 5 ಪರ್ಸೆಂಟಿಗೆ ಬಂತು. ಹಿಂದಿನ ಹಾಗಿದ್ದರೆ ಆ ಹೊಸ ದರವನ್ನು ಮೂರು ಕಡೆ ತಿದ್ದಬೇಕಿತ್ತು, ಒಂದು ಕಡೆ ಮರೆತರೆ ಸೇಲ್ಸ್ ಹುಡುಗ ಒಂದು ರೇಟು ಹೇಳಿ ಬಿಲ್ ಇನ್ನೊಂದು ಬರುತ್ತಿತ್ತು. ಈ ಸಲ ಒಂದೇ ಕಡೆ ತಿದ್ದಿದೆವು. ಉಳಿದವಕ್ಕೆ ತಾನಾಗೇ ಹೋಯಿತು.

ಇದೆಲ್ಲ ದೊಡ್ಡವರಿಗೆ, ನಮಗ್ಯಾಕೆ ಅನ್ನುವವರಿಗೆ ಒಂದು ಮಾತು. ಮಿರ್ಚಿ ಮಂಡಕ್ಕಿ ಗಾಡಿಯಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಕೊಡುತ್ತೀರಿ. ನಿಮ್ಮ ಬ್ಯಾಂಕು ಬೇರೆ, ಗಾಡಿಯವರ ಬ್ಯಾಂಕು ಬೇರೆ, ಇಬ್ಬರ ಆ್ಯಪ್ ಬೇರೆ. ಆದರೂ ದುಡ್ಡು ಹೋಗುತ್ತದೆ. 2016ರಲ್ಲಿ ಯುಪಿಐ ಬಂದಾಗಿನಿಂದ ನಡುವೆ ನಿಂತು ಎಲ್ಲ ಬ್ಯಾಂಕುಗಳನ್ನು ಜೋಡಿಸುವ ವ್ಯವಸ್ಥೆ ಒಂದಿದೆ, ಅದಕ್ಕೇ ಇದು ಸಾಧ್ಯ.

ತೊಂದರೆ ಇಲ್ಲ ಅಂತಲ್ಲ. ನಡುವಿನದು ನಿಂತರೆ ಎಲ್ಲ ನಿಲ್ಲುತ್ತದೆ, ಹಾಗಾಗಿ ಅದನ್ನು ನೋಡಿಕೊಳ್ಳುವ ಒಬ್ಬರು ಬೇಕೇ ಬೇಕು. ಬ್ಯಾಂಕಿನ, ಜಿಎಸ್‌ಟಿಯ ಪಾಸ್‌ವರ್ಡ್ ಎಲ್ಲ ಒಂದೇ ಕಡೆ ಸೇರುವುದರಿಂದ ಯಾರ ಕೈಗೆ ಕೊಡುತ್ತೇವೆ ಅಂತ ಹುಷಾರಾಗಿರಬೇಕು. ಮೊದಲ ತಿಂಗಳು ನಾವು ಹಳೇ ಪದ್ಧತಿಯನ್ನೂ ಬಿಡದೆ ಎರಡನ್ನೂ ತಾಳೆ ನೋಡಿದೆವು, ಅದು ಜಾಸ್ತಿ ಕೆಲಸವೇ. ಗುಮಾಸ್ತರ ಕೆಲಸ ಹೋಗುತ್ತೆ ಅನ್ನುವ ಹೆದರಿಕೆ ನನಗೂ ಇತ್ತು. ನನ್ನ ಕೆಲಸ ಹೋಗಿಲ್ಲ. ಮೊದಲು ಬಾಕಿ ವಸೂಲಿ ಪಟ್ಟಿ ನೋಡಲು ಪುರುಸೊತ್ತೇ ಇರಲಿಲ್ಲ, ಈಗ ಮಧ್ಯಾಹ್ನ ಪೂರ್ತಿ ಅದಕ್ಕೇ ಇದೆ.

ಸಾಫ್ಟ್‌ವೇರ್ ಮಾರುವವರಲ್ಲಿ ನನ್ನ ಕೋರಿಕೆ ಇದೆ. ನಿಮ್ಮದಕ್ಕೆ ಎಪಿಐ ಇದೆಯಾ, ಅಂದರೆ ಬೇರೆ ಸಾಫ್ಟ್‌ವೇರ್ ಬಂದು ಮಾಹಿತಿ ಕೇಳುವ ಬಾಗಿಲು ಇದೆಯಾ, ಅದಕ್ಕೆ ಬೇರೆ ದುಡ್ಡು ಕೊಡಬೇಕಾ ಅಂತ ಮಾರುವ ದಿನವೇ ಹೇಳಿ. ವ್ಯಾಪಾರಸ್ಥರು ಅದನ್ನು ಬರಹದಲ್ಲೇ ಕೇಳಿ ತಗೊಳ್ಳಿ. ನಮಗೆ ಸ್ಟಾಕ್ ಸಾಫ್ಟ್‌ವೇರ್ ಕೊಟ್ಟವರು ಇದೆ ಇದೆ ಅನ್ನುತ್ತಲೇ ನಾಲ್ಕು ತಿಂಗಳು ಕಳೆದರು. ಸರ್ಕಾರದ ಪೋರ್ಟಲ್‌ಗೆ ಬಾಗಿಲು ಇದೆ, ನೇರವಾಗಿ ಹೋಗಲಾಗದ ಚಿಕ್ಕವರು ಜಿಎಸ್‌ಟಿ ಸುವಿಧಾ ಪ್ರೊವೈಡರ್ ಅನ್ನುವ ಮಾನ್ಯತೆ ಪಡೆದ ಕಂಪನಿಗಳ ಮೂಲಕ ಹೋಗಬಹುದು. ನಮ್ಮೂರಿನ ಇಂಜಿನಿಯರಿಂಗ್ ಕಾಲೇಜುಗಳ ಮಕ್ಕಳು ಕೊನೇ ವರ್ಷದ ಪ್ರಾಜೆಕ್ಟ್ ಮಾಡಲು ಬೆಂಗಳೂರಿನ ಕಡೆ ನೋಡುವ ಬದಲು ಇಲ್ಲಿನ ಒಂದು ಗೋಡೌನಿಗೆ ಬಂದರೆ ಕೈತುಂಬ ಕೆಲಸ ಸಿಗುತ್ತದೆ.

ಶುರು ಮಾಡುವುದಕ್ಕೆ ದುಡ್ಡೂ ಬೇಡ. ಆ ಹುಡುಗಿ ಎರಡು ದಿನ ನನ್ನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು, ನಾನು ಯಾವ ಪರದೆ ನೋಡಿ ಯಾವುದಕ್ಕೆ ಏನು ಹೊಡೆಯುತ್ತೇನೆ ಅಂತ ಸುಮ್ನೆ ಬರೆದುಕೊಂಡಳು. ಸಾಹುಕಾರರೇ ನಿಮ್ಮ ಗುಮಾಸ್ತರ ಪಕ್ಕ ಒಂದು ದಿನ ಹಾಗೆ ಕೂರಬಹುದು. ನಮ್ಮಲ್ಲಿ ಎರಡು ಹಾಳೆ ತುಂಬಿತ್ತು.

ಒಬ್ಬ ಗುಮಾಸ್ತ
ಪಿ.ಬಿ. ರಸ್ತೆ, ದಾವಣಗೆರೆ