ಸ್ಪ್ರಿಂಗ್ ಎಷ್ಟು ಪೌಂಡಿನದಿರಬೇಕೆಂದು ತೋಟಾ ಹೇಳಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಸ್ಪರ್ಧಾ ಪಿಸ್ತೂಲುಗಳ ಕುರಿತು ಪ್ರಕಟವಾದ ಲೇಖನವನ್ನು ಅಮೆರಿಕದ ಒಹಾಯೊ ರಾಜ್ಯದಲ್ಲಿರುವ ನಾನು ಅಂತರ್ಜಾಲ ಆವೃತ್ತಿಯಲ್ಲಿ ಓದಿದೆ. ಕನ್ನಡದಲ್ಲಿ ಈ ವಿಷಯದ ಬರಹ ಅಪರೂಪವಾದ್ದರಿಂದ ಲೇಖಕರಿಗೆ ಮೊದಲು ಕೃತಜ್ಞತೆ ಹೇಳುತ್ತೇನೆ. ಆದರೆ ಅದರಲ್ಲಿ ಬಂದಿರುವ ಎರಡು ಮಾತುಗಳು ಹೊಸಬರನ್ನು ದಾರಿ ತಪ್ಪಿಸುವಂತಿವೆ. ಗುಂಡು ಹಾರಿದಾಗ ಹಿಂದಕ್ಕೆ ಸರಿಯುವ ಸ್ಲೈಡನ್ನು, ಅಂದರೆ ಪಿಸ್ತೂಲಿನ ಮೇಲ್ಭಾಗವನ್ನು, ತಡೆದು ಮರಳಿ ತರುವ ರಿಕಾಯಿಲ್ ಸ್ಪ್ರಿಂಗ್ ಬಲವಾದಷ್ಟೂ ಪಿಸ್ತೂಲಿನ ಒದೆತ ಕಡಿಮೆಯಾಗುತ್ತದೆ ಎಂಬುದು ಮೊದಲನೆಯದು. ಪರಿಣತರು 12 ಪೌಂಡಿನ ಹಗುರ ಸ್ಪ್ರಿಂಗ್ ಬಳಸುವುದರಿಂದ ಹೊಸಬರೂ ಅದನ್ನೇ ಹಾಕಿಸಿಕೊಳ್ಳಬೇಕು ಎಂಬುದು ಎರಡನೆಯದು. ಇವೆರಡೂ ಒಂದಕ್ಕೊಂದು ಹೊಂದುವುದಿಲ್ಲ ಎಂಬುದನ್ನು ಬದಿಗಿಟ್ಟರೂ, ಬಿಡಿಬಿಡಿಯಾಗಿಯೂ ಇವು ಸರಿಯಲ್ಲ.

ನಾನು ಕೊಡಗಿನ ಸೋಮವಾರಪೇಟೆ ತಾಲ್ಲೂಕಿನಲ್ಲಿ ಬೆಳೆದವನು. ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಹಿರಿಯರ ಕೋವಿಯಲ್ಲಿ ರಿಕಾಯಿಲ್ ಸ್ಪ್ರಿಂಗ್ ಎಂಬುದೇ ಇರಲಿಲ್ಲ. ಒದೆತವೆಲ್ಲ ನೇರವಾಗಿ ಹೆಗಲಿಗೆ ಬರುತ್ತಿತ್ತು. ಈ ಸ್ಪ್ರಿಂಗಿನ ಪರಿಚಯ ನನಗಾದದ್ದು ಮೆಕ್ಯಾನಿಕಲ್ ಎಂಜಿನಿಯರಾಗಿ ಇಲ್ಲಿಗೆ ಬಂದ ಮೇಲೆ, .45 ಕ್ಯಾಲಿಬರಿನ (ಸುಮಾರು 0.45 ಅಂಗುಲ ವ್ಯಾಸದ ಗುಂಡಿನ) 1911 ಮಾದರಿಯ ಪಿಸ್ತೂಲಿನಿಂದ ಬುಲ್ಸ್‌ಐ ಎಂಬ, ಒಂದೇ ಕೈಯಲ್ಲಿ ಹಿಡಿದು ಗುರಿಹಲಗೆಗೆ ಹೊಡೆಯುವ ಸ್ಪರ್ಧೆಗಳಲ್ಲಿ ಭಾಗವಹಿಸತೊಡಗಿದಾಗ. ಜಾನ್ ಬ್ರೌನಿಂಗ್ ರೂಪಿಸಿದ, 1911ರ ಮಾರ್ಚಿನಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಈ ಪಿಸ್ತೂಲನ್ನು ಇಂದಿಗೂ ಇಲ್ಲಿನ ಸ್ಪರ್ಧಿಗಳು ಬಿಟ್ಟಿಲ್ಲ. ಆದ್ದರಿಂದ ನನ್ನ ಉದಾಹರಣೆಗಳೆಲ್ಲ ಅದರವೇ.

ಮೊದಲು ‘ತೂಕ’ ಎಂಬ ಪದದ ಅರ್ಥ ಸ್ಪಷ್ಟವಾಗಬೇಕು. 16 ಪೌಂಡಿನ ಸ್ಪ್ರಿಂಗ್ ಎಂದರೆ ಅಷ್ಟು ಭಾರದ ಸ್ಪ್ರಿಂಗ್ ಎಂದಲ್ಲ; ಅದು ಅಂಗೈಯಲ್ಲಿಟ್ಟರೆ ಭಾರವೇ ತಿಳಿಯದ ತಂತಿಯ ಸುರುಳಿ. ಸ್ಲೈಡ್ ಸಂಪೂರ್ಣವಾಗಿ ಹಿಂದಕ್ಕೆ ಸರಿದು ಸುರುಳಿ ಪೂರ್ತಿ ಒತ್ತಿಕೊಂಡಾಗ ಅದು ಮುಂದಕ್ಕೆ ಎಷ್ಟು ಬಲದಿಂದ ತಳ್ಳುತ್ತದೆ ಎಂಬುದನ್ನು ಆ ಸಂಖ್ಯೆ ಹೇಳುತ್ತದೆ. 16 ಪೌಂಡ್ ಎಂದರೆ ಸುಮಾರು 7.3 ಕಿಲೋಗ್ರಾಂ ಭಾರದಷ್ಟು ಬಲ. ಐದು ಅಂಗುಲದ ನಳಿಗೆಯ .45 ಪಿಸ್ತೂಲಿಗೆ, 230 ಗ್ರೇನ್ ತೂಕದ ಗುಂಡಿರುವ ಪೂರ್ಣ ಶಕ್ತಿಯ ತೋಟಾ (ಗುಂಡು, ಮದ್ದು, ಅವುಗಳನ್ನು ಹಿಡಿದ ಲೋಹದ ಕೇಸು ಸೇರಿದ್ದು) ಬಳಸುವಾಗ, ಇದನ್ನೇ ಸಾಮಾನ್ಯ ಮಾನವೆಂದು ಪರಿಗಣಿಸುತ್ತಾರೆ. ನಳಿಗೆಯ ಉದ್ದ ಬದಲಾದರೆ ಸ್ಲೈಡ್ ಸರಿಯುವ ಜಾಗ ಬದಲಾಗುತ್ತದೆ, ಸಂಖ್ಯೆಯೂ ಬದಲಾಗುತ್ತದೆ.

ಈಗ ಒದೆತದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಪ್ರೌಢಶಾಲೆಯ ಭೌತಶಾಸ್ತ್ರವೇ ಸಾಕು. 230 ಗ್ರೇನ್ ಎಂದರೆ 14.9 ಗ್ರಾಂ. ಸೆಕೆಂಡಿಗೆ 830 ಅಡಿ, ಅಂದರೆ ಸುಮಾರು 253 ಮೀಟರ್ ವೇಗದಲ್ಲಿ ಆ ಗುಂಡು ಹೊರಟರೆ ಅದರ ಸಂವೇಗ ಸುಮಾರು 3.8 ನ್ಯೂಟನ್-ಸೆಕೆಂಡ್ ಆಗುತ್ತದೆ. ಗುಂಡು ನಳಿಗೆಯೊಳಗೆ ಇರುವುದು ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್. 16 ಪೌಂಡ್ ಎಂದರೆ 71 ನ್ಯೂಟನ್. ಸ್ಪ್ರಿಂಗ್ ಆ ಒಂದು ಮಿಲಿಸೆಕೆಂಡಿನುದ್ದಕ್ಕೂ ತನ್ನ ಪೂರ್ಣ ಬಲವನ್ನೇ ಹಾಕಿತೆಂದು ಭಾವಿಸಿದರೂ ಅದರ ಪಾಲು 0.07 ನ್ಯೂಟನ್-ಸೆಕೆಂಡ್, ಅಂದರೆ ಶೇಕಡಾ 2ಕ್ಕಿಂತ ಕಡಿಮೆ. 16ರ ಬದಲು 18 ಪೌಂಡಿನದನ್ನು ಹಾಕಿದರೆ ಆಗುವ ವ್ಯತ್ಯಾಸ ಶೇಕಡಾ 0.25ರಷ್ಟು ಮಾತ್ರ. ಅದೂ ಎಲ್ಲಿಗೂ ಮಾಯವಾಗುವುದಿಲ್ಲ. ಸ್ಪ್ರಿಂಗಿನ ಒಂದು ತುದಿ ಸ್ಲೈಡನ್ನು ತಡೆಯುವಾಗ ಇನ್ನೊಂದು ತುದಿ ಪಿಸ್ತೂಲಿನ ಫ್ರೇಮನ್ನು, ಅದರ ಮೂಲಕ ನಮ್ಮ ಕೈಯನ್ನು ತಳ್ಳುತ್ತಿರುತ್ತದೆ.

ಹಾಗಾದರೆ ಸ್ಪ್ರಿಂಗ್ ಬದಲಿಸಿದಾಗ ಕೈಗೆ ವ್ಯತ್ಯಾಸ ತಿಳಿಯುವುದು ಸುಳ್ಳೇ? ಖಂಡಿತ ಸುಳ್ಳಲ್ಲ. ಕ್ರಿಕೆಟ್ಟಿನಲ್ಲಿ ಕ್ಯಾಚ್ ಹಿಡಿಯುವವನು ಕೈಯನ್ನು ಹಿಂದಕ್ಕೆ ತಂದರೂ ತರದಿದ್ದರೂ ಚೆಂಡಿನ ಸಂವೇಗ ಅಷ್ಟೇ. ಅದು ಅಂಗೈಗೆ ತಲುಪುವ ಕಾಲ ಮತ್ತು ರೀತಿ ಮಾತ್ರ ಬೇರೆ. ಸ್ಪ್ರಿಂಗ್ ಮಾಡುವುದೂ ಇಷ್ಟನ್ನೇ. ಬಲವಾದ ಸ್ಪ್ರಿಂಗ್ ಸ್ಲೈಡಿನ ಓಟವನ್ನು ಮೊದಲಿನಿಂದಲೇ ತಡೆಯುತ್ತ ಬರುವುದರಿಂದ ಸ್ಲೈಡ್ ಹಿಂದಿನ ತುದಿಗೆ ಬಡಿಯುವ ಪೆಟ್ಟು ಮೆತ್ತಗಾಗುತ್ತದೆ. ಆದರೆ ಹಾಗೆ ಕೂಡಿಟ್ಟುಕೊಂಡ ಶಕ್ತಿಯನ್ನು ಅದು ಮರಳುವಾಗ ಕೊಡಲೇಬೇಕಲ್ಲವೇ? ಸ್ಲೈಡ್ ರಭಸದಿಂದ ಮುಂದಕ್ಕೆ ಬಂದು ಮುಚ್ಚಿಕೊಳ್ಳುತ್ತದೆ, ನಳಿಗೆಯ ಮೂತಿ ಕೆಳಕ್ಕೆ ಕುಸಿಯುತ್ತದೆ, ಗುರಿಸಾಧನದಲ್ಲಿ ಕಾಣುವ ಗುರಿಚುಕ್ಕೆ ಗುರಿಹಲಗೆಯ ಕಪ್ಪು ವೃತ್ತದ ಕೆಳಗೆ ಹೋಗಿ ನಿಲ್ಲುತ್ತದೆ. ಹತ್ತು ಸೆಕೆಂಡಿನಲ್ಲಿ ಐದು ಗುಂಡು ಹೊಡೆಯಬೇಕಾದವನಿಗೆ ಆ ಕುಸಿತವನ್ನು ಪ್ರತಿ ಬಾರಿಯೂ ಸರಿಪಡಿಸುವುದು ದೊಡ್ಡ ತೊಡಕು. ಹಗುರ ಸ್ಪ್ರಿಂಗಿನಲ್ಲಿ ಕುಸಿತ ಕಡಿಮೆ, ಹಿಂದಿನ ಪೆಟ್ಟು ಹೆಚ್ಚು. ಇವೆರಡರ ನಡುವೆ ತನ್ನ ತೋಟಾಕ್ಕೆ ಹೊಂದುವ ಜಾಗವನ್ನು ಹುಡುಕುವುದೇ ಸ್ಪ್ರಿಂಗ್ ಆಯ್ಕೆ.

‘ತನ್ನ ತೋಟಾಕ್ಕೆ’ ಎಂಬ ಮಾತಿಗೆ ನಾನು ಒತ್ತು ಕೊಡುತ್ತೇನೆ, ಏಕೆಂದರೆ ಲೇಖನ ಬಿಟ್ಟದ್ದು ಇದನ್ನೇ. ಬುಲ್ಸ್‌ಐ ಸ್ಪರ್ಧೆಯಲ್ಲಿ .22, ಸೆಂಟರ್‌ಫೈರ್ (ಕೇಸಿನ ತಳದ ನಡುವೆ ಪಿನ್ ಬಡಿದಾಗ ಹಾರುವ ತೋಟಾ) ಮತ್ತು .45 ಎಂಬ ಮೂರು ವಿಭಾಗಗಳಲ್ಲಿ ತಲಾ 90ರಂತೆ 270 ಗುಂಡು ಹೊಡೆಯಬೇಕು. ಒಟ್ಟು 2700 ಅಂಕ. ನಿಧಾನ ಸುತ್ತು 50 ಗಜದಲ್ಲಿ. ಅಲ್ಲಿ ಹತ್ತಂಕದ ವೃತ್ತದ ಅಗಲ 3.36 ಅಂಗುಲ ಮಾತ್ರ. 25 ಗಜದಲ್ಲಿ ಐದು ಗುಂಡಿಗೆ 20 ಸೆಕೆಂಡಿನ ಮತ್ತು 10 ಸೆಕೆಂಡಿನ ಸುತ್ತುಗಳು. ಇಷ್ಟು ಹೊತ್ತು ಒಂದೇ ಕೈಯಲ್ಲಿ ಹಿಡಿದು ಹೊಡೆಯುವುದರಿಂದ ಪರಿಣತರು .45ರಲ್ಲಿ ಪೂರ್ಣ ಶಕ್ತಿಯ ತೋಟಾ ಬಳಸುವುದಿಲ್ಲ. 185 ಗ್ರೇನಿನ ಸೀಸದ ಗುಂಡನ್ನು ಸೆಕೆಂಡಿಗೆ 730 ಅಡಿಯ ಆಸುಪಾಸಿನಲ್ಲಿ ಹೊರಡಿಸುವ ಮೆದು ತೋಟಾ ಮಾಡಿಕೊಳ್ಳುತ್ತಾರೆ. ಅದರ ಸಂವೇಗ ಪೂರ್ಣ ತೋಟಾದ ಸುಮಾರು ಶೇಕಡಾ 70. 16 ಪೌಂಡಿನ ಶೇಕಡಾ 70 ಎಷ್ಟೆಂದು ನೋಡಿದರೆ 11 ದಾಟುತ್ತದೆ. ಅವರ ಪಿಸ್ತೂಲಿನಲ್ಲಿ 12 ಪೌಂಡಿನ ಸ್ಪ್ರಿಂಗ್ ಕಾಣಿಸುವುದು ಆ ತೋಟಾದಿಂದಾಗಿ. ಕೈಚಳಕಕ್ಕೂ ಅದಕ್ಕೂ ಸಂಬಂಧವಿಲ್ಲ. ಈ ಅನುಪಾತ ಆರಂಭದ ಅಂದಾಜು ಮಾತ್ರ ಎಂಬುದನ್ನೂ ಹೇಳಬೇಕು, ಏಕೆಂದರೆ ಸ್ಲೈಡಿನ ಶಕ್ತಿ ಸಂವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಸ್ಲೈಡಿನ ಮೇಲೆ ರೆಡ್ ಡಾಟ್ ಎಂಬ, ಕೆಂಪು ಚುಕ್ಕೆ ತೋರಿಸುವ ಗುರಿಸಾಧನ ಕೂರಿಸಿದ್ದರೆ ಅದರ ಭಾರದಿಂದ ಸ್ಲೈಡ್ ನಿಧಾನವಾಗುತ್ತದೆ, ಲೆಕ್ಕ ಇನ್ನಷ್ಟು ಜರುಗುತ್ತದೆ.

ಇದೇ ಸ್ಪರ್ಧಿ ಈರಿ ಸರೋವರದ ದಡದ ಕ್ಯಾಂಪ್ ಪೆರಿಗೆ, 1907ರಿಂದ ರಾಷ್ಟ್ರೀಯ ಪಂದ್ಯಗಳ ತಾಣವಾಗಿರುವ ಜಾಗಕ್ಕೆ, ಸೇನಾ ಮಾದರಿಯ ಪಿಸ್ತೂಲುಗಳ ‘ಸರ್ವಿಸ್ ಪಿಸ್ತೂಲ್’ ಪಂದ್ಯಕ್ಕೆಂದು ಹೋದರೆ ಅಲ್ಲಿ .45ಕ್ಕೆ 230 ಗ್ರೇನಿನ, ತಾಮ್ರದ ಹೊದಿಕೆಯ ಗುಂಡಿನ ತೋಟಾವನ್ನೇ ಬಳಸಬೇಕು. ಆಗ ಅವನು 12 ಪೌಂಡಿನ ಸ್ಪ್ರಿಂಗನ್ನು ತೆಗೆದಿಡುತ್ತಾನೆ. ಮೆದು ತೋಟಾಕ್ಕೊಂದು, ಪೂರ್ಣ ತೋಟಾಕ್ಕೊಂದು ಎಂದು ಎರಡು ಪಿಸ್ತೂಲುಗಳನ್ನೇ ಇಟ್ಟುಕೊಂಡವರು ಇಲ್ಲಿ ಬೇಕಾದಷ್ಟಿದ್ದಾರೆ. ನಿಮ್ಮ ಲೇಖನವನ್ನು ನಂಬಿ ಒಬ್ಬ ಹೊಸಬ ಪೂರ್ಣ ಶಕ್ತಿಯ ತೋಟಾಕ್ಕೆ 12 ಪೌಂಡಿನದನ್ನು ಹಾಕಿದರೆ ಖಾಲಿ ಕೇಸುಗಳು ಬಹುದೂರ ಹಾರುತ್ತವೆ, ಸ್ಲೈಡ್ ಪ್ರತಿ ಸಲವೂ ಫ್ರೇಮಿಗೆ ಜೋರಾಗಿ ಬಡಿಯುತ್ತದೆ, ಬೆಲೆಬಾಳುವ ಪಿಸ್ತೂಲು ಬೇಗ ಸವೆಯುತ್ತದೆ. ನನಗೆ ಬರೆಯಬೇಕೆನಿಸಿದ್ದು ಮುಖ್ಯವಾಗಿ ಈ ಕಾರಣಕ್ಕೆ.

ಹಗುರ ಸ್ಪ್ರಿಂಗಿನ ಇನ್ನೊಂದು ಅಪಾಯವನ್ನು ನಾನೇ ಅನುಭವಿಸಿದ್ದೇನೆ. ಸ್ಪ್ರಿಂಗಿನ ಮುಖ್ಯ ಕೆಲಸ ಸ್ಲೈಡನ್ನು ಮರಳಿ ತರುವುದು, ಮ್ಯಾಗಜಿನ್ನಿನಿಂದ ಮುಂದಿನ ತೋಟಾವನ್ನು ಕಿತ್ತು ನಳಿಗೆಯ ಹಿಂತುದಿಯ ಕೋಣೆಗೆ ತಳ್ಳುವುದು, ನಳಿಗೆಯನ್ನು ಪ್ರತಿ ಬಾರಿಯೂ ಅದೇ ಜಾಗದಲ್ಲಿ ಭದ್ರವಾಗಿ ಕೂರಿಸುವುದು. ವರ್ಷಗಳ ಹಿಂದೆ ಪರಿಚಿತರೊಬ್ಬರ ಮಾತಿನಂತೆ ನಾನು 10 ಪೌಂಡಿನ ಸ್ಪ್ರಿಂಗ್ ಹಾಕಿಕೊಂಡೆ. ಮನೆಯ ಹತ್ತಿರದ ರೇಂಜಿನಲ್ಲಿ, ಬೇಸಿಗೆಯ ಮಧ್ಯಾಹ್ನಗಳಲ್ಲಿ, ಎಲ್ಲವೂ ಸೊಗಸಾಗಿತ್ತು. ಏಪ್ರಿಲ್ ತಿಂಗಳ ಚಳಿಯ ಬೆಳಗಿನ ಒಂದು ಕ್ಲಬ್ ಪಂದ್ಯದಲ್ಲಿ, ಸೀಸದ ಗುಂಡಿನ ಮೇಣ ಮತ್ತು ಮಸಿ ಕೋಣೆಯಲ್ಲಿ ಗಟ್ಟಿಯಾಗಿದ್ದಾಗ, ಹತ್ತು ಸೆಕೆಂಡಿನ ಸುತ್ತಿನ ಮೂರನೇ ತೋಟಾಕ್ಕೆ ಸ್ಲೈಡ್ ಪೂರ್ತಿ ಮುಚ್ಚದೆ ಕೂದಲೆಳೆಯಷ್ಟು ಹಿಂದೆಯೇ ನಿಂತಿತು. ಹಾಗೆ ನಿಂತರೆ ಒಳಗಿನ ಡಿಸ್ಕನೆಕ್ಟರ್ ಗುಂಡು ಹಾರಲು ಬಿಡುವುದಿಲ್ಲ. ಆ ರಕ್ಷಣೆ ಇರುವುದು ಒಳ್ಳೆಯದೇ. ಮರು ಅವಕಾಶ ಕೊಟ್ಟರು, ಅದರಲ್ಲಿಯೂ ಹಾಗೆಯೇ ಆಯಿತು. ಮರುವಾರ 12 ಪೌಂಡಿನದನ್ನು ಹಾಕಿದೆ. ಅದೇ ತೋಟಾ, ಅದೇ ಚಳಿ, ಒಮ್ಮೆಯೂ ನಿಲ್ಲಲಿಲ್ಲ.

ಆಯ್ಕೆಯ ವಿಧಾನ ಕಷ್ಟದ್ದೇನಲ್ಲ, ತಾಳ್ಮೆ ಬೇಡುವಂಥದ್ದು. ಮೊದಲು ಯಾವ ತೋಟಾ ಎಂಬುದು ನಿಶ್ಚಯವಾಗಿರಬೇಕು. ತೋಟಾ ಗೊತ್ತಾಗದೆ ಸ್ಪ್ರಿಂಗ್ ಕೊಳ್ಳಬಾರದು. ಅಂದಾಜಿನ ಸಂಖ್ಯೆಯ ಮೇಲೆ ಕೆಳಗೆ ಎರಡೆರಡು ಸ್ಪ್ರಿಂಗುಗಳನ್ನು ತಂದಿಟ್ಟುಕೊಂಡು, ಅನುಮತಿಯಿರುವ ರೇಂಜಿನಲ್ಲಿ, ಮ್ಯಾಗಜಿನ್ನಿಗೆ ಒಂದೇ ತೋಟಾ ಹಾಕಿ ಹೊಡೆದು ನೋಡಬೇಕು. ಗುಂಡು ಹಾರಿದ ಮೇಲೆ ಸ್ಲೈಡ್ ಹಿಂದೆ ಲಾಕ್ ಆಗಿ ನಿಂತರೆ ಅದು ಪೂರ್ತಿ ದೂರ ಸರಿಯುತ್ತಿದೆ ಎಂದರ್ಥ. ಇದನ್ನು ಗಟ್ಟಿ ಹಿಡಿತದಲ್ಲಿ ಕೆಲವು ಸಲ, ದಣಿದ ಕೈಯ ಸಡಿಲ ಹಿಡಿತದಲ್ಲಿ ಕೆಲವು ಸಲ ಮಾಡಬೇಕು, ಏಕೆಂದರೆ 270ನೇ ಗುಂಡು ಹೊಡೆಯುವ ಕೈ ಮೊದಲನೆಯದನ್ನು ಹೊಡೆದ ಕೈಯಂತಿರುವುದಿಲ್ಲ. ಲಾಕ್ ಆಗದಿದ್ದರೆ, ಖಾಲಿ ಕೇಸು ಸ್ಲೈಡಿಗೆ ಸಿಕ್ಕಿ ನೆಟ್ಟಗೆ ನಿಂತರೆ, ಕೇಸುಗಳು ಕಾಲ ಬುಡದಲ್ಲೇ ಬಿದ್ದರೆ, ಆ ತೋಟಾಕ್ಕೆ ಸ್ಪ್ರಿಂಗ್ ಹೆಚ್ಚಾಯಿತು. ನಂತರ ಮ್ಯಾಗಜಿನ್ ತುಂಬಿ, ಪಿಸ್ತೂಲನ್ನು ಒರೆಸದೆ ಪೂರ್ತಿ ಒಂದು ಪಂದ್ಯದಷ್ಟು ಹೊಡೆಯಬೇಕು. ಸ್ಲೈಡ್ ಮುಚ್ಚಲು ಹಿಂಜರಿದರೆ ಸ್ಪ್ರಿಂಗ್ ಕಡಿಮೆಯಾಯಿತು. ಈ ಎರಡು ಪರೀಕ್ಷೆಗಳಲ್ಲಿ ಉಳಿಯುವುದು ಎರಡೋ ಮೂರೋ ಸಂಖ್ಯೆಗಳು. ಅವುಗಳಲ್ಲಿ ಯಾವುದರಿಂದ ಗುರಿಚುಕ್ಕೆ ತಾನಾಗಿ ವೃತ್ತದ ನಡುವಿಗೆ ಮರಳುತ್ತದೆಯೋ ಅದನ್ನು ಆರಿಸಿಕೊಳ್ಳುವುದು ನನ್ನ ಪದ್ಧತಿ. ಅನುಮಾನವಿದ್ದರೆ ಒಂದು ಪೌಂಡ್ ಹೆಚ್ಚಿನದರ ಕಡೆಗೆ ವಾಲುತ್ತೇನೆ.

ಎಲ್ಲ ತೊಂದರೆಗೂ ರಿಕಾಯಿಲ್ ಸ್ಪ್ರಿಂಗನ್ನೇ ದೂರುವುದೂ ತಪ್ಪು. ಕೇಸನ್ನು ಎಳೆಯುವ ಎಕ್ಸ್‌ಟ್ರಾಕ್ಟರಿನ ಬಿಗಿತ ತಪ್ಪಿದ್ದರೆ, ಮ್ಯಾಗಜಿನ್ನಿನ ಸ್ಪ್ರಿಂಗ್ ಸೋತು ತೋಟಾ ಸಮಯಕ್ಕೆ ಮೇಲೇಳದಿದ್ದರೆ ಕಾಣುವ ಲಕ್ಷಣಗಳೂ ಹೀಗೆಯೇ ಇರುತ್ತವೆ. 1911 ಮಾದರಿಯಲ್ಲಿ, ಫೈರಿಂಗ್ ಪಿನ್ನಿಗೆ ಬಡಿಯುವ ಹ್ಯಾಮರನ್ನು ತಳ್ಳುವ ಮೇನ್‌ಸ್ಪ್ರಿಂಗ್ ಸಾಮಾನ್ಯವಾಗಿ 23 ಪೌಂಡಿನದು. ಸ್ಲೈಡ್ ಹಿಂದಕ್ಕೆ ಹೊರಡುವಾಗ ಹ್ಯಾಮರನ್ನೂ ಹಿಂದಕ್ಕೆ ಬಾಗಿಸಬೇಕಾದ್ದರಿಂದ, ಆ ಮೊದಲ ಕ್ಷಣದ ತಡೆಯಲ್ಲಿ ಅದರ ಪಾಲು ದೊಡ್ಡದು. ಟ್ರಿಗರ್ ಹಗುರಾಗಲೆಂದು ಮೇನ್‌ಸ್ಪ್ರಿಂಗನ್ನು ಬದಲಿಸಿದವರು ರಿಕಾಯಿಲ್ ಸ್ಪ್ರಿಂಗಿನ ಪರೀಕ್ಷೆಯನ್ನು ಮತ್ತೊಮ್ಮೆ ಮೊದಲಿನಿಂದ ಮಾಡಬೇಕು. ಬಲವಾದ ರಿಕಾಯಿಲ್ ಸ್ಪ್ರಿಂಗ್ ಹಾಕುವಾಗ ತೋಟಾದ ತಳಕ್ಕೆ ಬಡಿದು ಅದನ್ನು ಹಾರಿಸುವ ಫೈರಿಂಗ್ ಪಿನ್ನಿನ ಚಿಕ್ಕ ಸ್ಪ್ರಿಂಗನ್ನೂ ಹೊಸದು ಮಾಡುವುದು ಸುರಕ್ಷತೆಯ ವಿಷಯ: ಸ್ಲೈಡ್ ಜೋರಾಗಿ ಮುಚ್ಚಿದಷ್ಟೂ ಪಿನ್ ತನ್ನ ಜಡತ್ವದಿಂದ ಮುಂದಕ್ಕೆ ಚಿಮ್ಮಿ ತೋಟಾಕ್ಕೆ ಬಡಿಯುವ ಅಪಾಯ ಹೆಚ್ಚುತ್ತದೆ. ಈ ಭಾಗಗಳನ್ನು ಬಿಚ್ಚಿ ಜೋಡಿಸಲು ತಿಳಿಯದವರು ತಮ್ಮ ಕೋಚ್ ಅಥವಾ ಪರವಾನಗಿ ಹೊಂದಿದ ಗನ್‌ಸ್ಮಿತ್‌ನ ಬಳಿಗೆ ಹೋಗಲಿ.

ಸ್ಪ್ರಿಂಗ್ ಸವೆಯುವ ವಸ್ತು ಎಂಬುದನ್ನು ಲೇಖನ ಹೇಳಿಲ್ಲ. ಬಳಸಿದಂತೆಲ್ಲ ಸುರುಳಿ ಕುಗ್ಗುತ್ತದೆ; ಹಳೆಯದನ್ನೂ ಅದೇ ಸಂಖ್ಯೆಯ ಹೊಸದನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರೆ ಕಣ್ಣಿಗೇ ಕಾಣುತ್ತದೆ. ನಾನು 3,000 ಗುಂಡಿಗೊಮ್ಮೆ ಬದಲಿಸುತ್ತೇನೆ, ದಿನಾಂಕವನ್ನು ಅಂಕಪುಸ್ತಕದಲ್ಲಿಯೇ ಬರೆದಿಡುತ್ತೇನೆ.

ಕರ್ನಾಟಕದಲ್ಲಿ ಈ ಕ್ರೀಡೆಗೆ ಬರುತ್ತಿರುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಏರ್ ಪಿಸ್ತೂಲಿನಿಂದ ಆರಂಭಿಸುತ್ತಾರೆ. ಅವರಿಗೆ ಈ ಚರ್ಚೆ ಸದ್ಯಕ್ಕೆ ಬೇಕಿಲ್ಲ. 25 ಮೀಟರಿನ .22 ಪಿಸ್ತೂಲಿಗೆ ಬಂದವರಿಗೆ ನನ್ನ ಸಲಹೆ, ತಯಾರಕರು ಹಾಕಿಕೊಟ್ಟ ಸ್ಪ್ರಿಂಗನ್ನು ಹಾಗೆಯೇ ಬಿಡಿ ಎಂಬುದು. ಅಲ್ಲಿ ಗುಂಡು ಸಾಮಾನ್ಯವಾಗಿ 40 ಗ್ರೇನಿನದು, ವೇಗದ ಏರಿಳಿತವೂ ಕಡಿಮೆ. ತೊಂದರೆ ಬಂದರೆ ಸ್ಪ್ರಿಂಗಿಗೆ ಕೈ ಹಚ್ಚುವ ಮೊದಲು ತೋಟಾದ ಬ್ರ್ಯಾಂಡ್ ಬದಲಿಸಿ, ಕೋಣೆಯನ್ನು ಶುಚಿಮಾಡಿ ನೋಡಬೇಕು. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಜಸ್ಪಾಲ್ ರಾಣಾ 590 ಅಂಕಗಳೊಂದಿಗೆ ವಿಶ್ವದಾಖಲೆಯನ್ನು ಸರಿಗಟ್ಟಿದ ಸೆಂಟರ್‌ಫೈರ್ ವಿಭಾಗಕ್ಕೆ ಮುಂದೆ ಹೋಗಬಯಸುವವರಿಗೆ ಮಾತ್ರ, ತೋಟಾ ಮತ್ತು ಸ್ಪ್ರಿಂಗಿನ ಈ ಹೊಂದಾಣಿಕೆ ನಿಜವಾಗಿ ಬೇಕಾಗುತ್ತದೆ.

ಆದ್ದರಿಂದ ಸಂಪಾದಕರೇ, 12 ಪೌಂಡ್ ಕುರಿತ ಸಲಹೆಗೆ ಒಂದು ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ. ಮುಂದೆ ಇಂಥ ಲೇಖನಗಳಲ್ಲಿ ಸ್ಪ್ರಿಂಗಿನ ಸಂಖ್ಯೆ ಬಂದಲ್ಲೆಲ್ಲ ಅದರ ಪಕ್ಕದಲ್ಲಿಯೇ ಪಿಸ್ತೂಲಿನ ಮಾದರಿ, ನಳಿಗೆಯ ಉದ್ದ, ಗುಂಡಿನ ತೂಕ ಮತ್ತು ವೇಗವನ್ನು ಕೊಡುವಂತೆ ಲೇಖಕರಿಗೆ ತಿಳಿಸಿ.

ಇಂತು ತಮ್ಮ ವಿಶ್ವಾಸಿ,
ಒಹಾಯೊದ ಒಬ್ಬ ಓದುಗ