ಮೇಳದ ಬೋರ್ಡಿನಲ್ಲಿ ಕೈಗೆ ಸಿಗುವ ಸಂಬಳ ಬರೆಸಿ: ಉಡುಪಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಉದ್ಯೋಗ ಮೇಳ ಮುಗಿದ ಮರುದಿನದ ಸುದ್ದಿ ಸದಾ ಒಂದೇ ಅಚ್ಚಿನದು: ಇಷ್ಟು ಕಂಪನಿ ಬಂದವು, ಇಷ್ಟು ಮಂದಿಗೆ ಸ್ಥಳದಲ್ಲೇ ಆಫರ್ ಲೆಟರ್. ಅವರಲ್ಲಿ ಎಷ್ಟು ಮಂದಿ ಕೆಲಸಕ್ಕೆ ಸೇರಿದರು, ಮೂರು ತಿಂಗಳ ಮೇಲೆ ಎಷ್ಟು ಮಂದಿ ಉಳಿದರು ಎಂದು ಯಾರೂ ಬರೆಯುವುದಿಲ್ಲ. "ಕೆಲಸ ಬೇಕಾದಷ್ಟಿದೆ, ನಮ್ಮ ಹುಡುಗರಿಗೇ ಮನಸ್ಸಿಲ್ಲ" ಎಂಬ ಮಾತು ಮಾತ್ರ ವೇದಿಕೆಯಿಂದ ಧಾರಾಳವಾಗಿ ಬರುತ್ತದೆ. ನಾವು ಸಂಬಳ ಪಟ್ಟಿ, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ಆರೋಗ್ಯ ವಿಮೆ) ನೋಡಿಕೊಳ್ಳುವವರು ಮತ್ತು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವವರು. ಮನಸ್ಸಿನ ವಿಚಾರ ಬಿಟ್ಟು ಲೆಕ್ಕ ನೋಡೋಣ.

ಮಂಗಳೂರಿನ ಕೈಗಾರಿಕಾ ಪ್ರದೇಶ ಬೈಕಂಪಾಡಿಯ ಒಂದು ಕಾರ್ಖಾನೆಯ ಸ್ಟಾಲಿನಲ್ಲಿ "ತಿಂಗಳಿಗೆ 18,160 ರೂ." ಎಂದು ಬರೆದಿದೆ ಎಂದಿಟ್ಟುಕೊಳ್ಳಿ. ಅದು ಸಿಟಿಸಿ, ಅಂದರೆ ಆ ಹುದ್ದೆಗೆ ಕಂಪನಿ ಮಾಡುವ ಒಟ್ಟು ಖರ್ಚು. ಒಳಗಿನ ನಿಜವಾದ ಸಂಬಳ 15,000. ಅದರ ಮೇಲೆ ಕಂಪನಿಯ ಪಾಲಿನ ಪಿಎಫ್ ಶೇ. 12, ವಿಮೆ ಮತ್ತು ಆಡಳಿತ ಶುಲ್ಕ ಶೇ. 1, ಇಎಸ್‌ಐ ಶೇ. 3.25, ಕೆಲಸ ಬಿಡುವಾಗ ಸಿಗುವ ಇಡಿಗಂಟು ಗ್ರಾಚ್ಯುಟಿಗೆಂದು ಶೇ. 4.81 ಸೇರಿ ದೊಡ್ಡ ಅಂಕಿ ಆಯಿತು. ಗ್ರಾಚ್ಯುಟಿ ಸಿಗುವುದು ಸಾಮಾನ್ಯವಾಗಿ ಐದು ವರ್ಷ ನಿಂತವರಿಗೆ. ಬೋರ್ಡಿನಲ್ಲಿ ಮಾತ್ರ ಮೊದಲ ತಿಂಗಳೇ ಹಾಜರು! ಇನ್ನು 15,000ದಿಂದ ನೌಕರನ ಪಾಲಿನ ಪಿಎಫ್ 1,800, ಇಎಸ್‌ಐ 113 ಕಳೆಯಿರಿ. ಬ್ಯಾಂಕಿಗೆ ಬೀಳುವುದು 13,087.

ನಮ್ಮ ಜಿಲ್ಲೆಯ ಉತ್ತರ ತುದಿಯ ಬೈಂದೂರಿನ ಹುಡುಗನೊಬ್ಬ ಬೈಕಂಪಾಡಿಗೆ ದಿನಾ ಹೋಗಿ ಬರುವ ಮಾತಿಲ್ಲ. ಊಟ ಸೇರಿ ಪಿಜಿಗೆ 6,000 ಎಂದರೂ ಉಳಿಯುವುದು 7,087. ಬಸ್ಸು, ಮೊಬೈಲು, ಊರಿಗೆ ಬಂದು ಹೋಗುವ ಖರ್ಚು ಅದರಲ್ಲೇ. ಮನೆ ಹತ್ತಿರದ ಅಂಗಡಿಯಲ್ಲಿ 10,000ಕ್ಕೆ ನಿಂತರೆ ಕೈಯಲ್ಲಿ ಹೆಚ್ಚೇ ಉಳಿಯುತ್ತದೆ. ಪಿಎಫ್ ದುಡ್ಡು ಅವನದ್ದೇ, ನಿಜ. ಆದರೆ ಈ ತಿಂಗಳ ಬಾಡಿಗೆ ಅದರಿಂದ ಕಟ್ಟಲಾಗದು. ಅವನು ಹದಿನೈದು ದಿನಕ್ಕೆ ಕೆಲಸ ಬಿಟ್ಟು ಬಂದರೆ ಅದು ಸೋಮಾರಿತನವಲ್ಲ, ಸರಿಯಾದ ಕೂಡು-ಕಳೆ.

ಹೀಗೆ ವಾಪಸ್ ಬಂದವನು ನಿರುದ್ಯೋಗ ದರದಲ್ಲಿ ಕಾಣಿಸುತ್ತಾನೆಯೇ? ಅನುಮಾನ. ಆ ದರ ಜನಸಂಖ್ಯೆಯ ಮೇಲಿನ ಶೇಕಡಾವಾರು ಅಲ್ಲ. ಕೆಲಸದಲ್ಲಿರುವವರು ಮತ್ತು ಕೆಲಸ ಬೇಕೆಂದಿರುವವರು ಸೇರಿದ ಸಂಖ್ಯೆಯ ಮೇಲಿನದು. ಬೇಸತ್ತು ಹುಡುಕುವುದನ್ನೇ ನಿಲ್ಲಿಸಿದವರು ಆ ಲೆಕ್ಕದಿಂದ ಹೊರಗೆ, ಹಾಗಾಗಿ ಕೈಚೆಲ್ಲಿದವರು ಹೆಚ್ಚಾದಷ್ಟೂ ದರ ಇಳಿಯುತ್ತದೆ. ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆಯ ವಾರದ ಮಾನದಂಡದಲ್ಲಿ, ಏಳು ದಿನಗಳಲ್ಲಿ ಒಂದೇ ಒಂದು ಗಂಟೆ ದುಡಿದರೂ ಅವರು ಉದ್ಯೋಗಿ. ಬಿಕಾಂ ಮುಗಿಸಿ ಮನೆಯಲ್ಲೇ ಇದ್ದು, ಬೀಡಿ ಕಂಪನಿಯ ಬ್ರಾಂಚಿನಿಂದ ತಂದ ಎಲೆ ಕತ್ತರಿಸಿ ಅಮ್ಮನ ಜೊತೆ ಒಂದಿಷ್ಟು ಬೀಡಿ ಕಟ್ಟುವವಳೂ ಉದ್ಯೋಗಿಯೇ. ಜಿಲ್ಲೆಯ ದರ ಕಡಿಮೆ ಎಂದು ಭಾಷಣದಲ್ಲಿ ಹೇಳುವ ಮೊದಲು ಇಷ್ಟು ನೆನಪಿರಲಿ.

ಮಲ್ಪೆ ಮೀನುಗಾರಿಕೆ ಬಂದರಿನ ಕಥೆ ಇನ್ನೂ ವಿಚಿತ್ರ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧವಿರುವುದರಿಂದ ಯಾಂತ್ರೀಕೃತ ಬೋಟುಗಳು ದಕ್ಕೆಯಲ್ಲೇ ಇರುತ್ತವೆ. ಒಡಿಶಾ, ಜಾರ್ಖಂಡ್, ಆಂಧ್ರದ ಕೆಲಸಗಾರರು ಊರಿಗೆ ಹೋಗುತ್ತಾರೆ, ಅವರ ನಿರುದ್ಯೋಗ ಅಲ್ಲಿನ ಲೆಕ್ಕಕ್ಕೆ ಸೇರುತ್ತದೆ. ಇಲ್ಲಿಯವರು ಸುಮ್ಮನೆ ಕೂರಬೇಕು. ಅದೇ ಮಳೆಗಾಲದಲ್ಲಿ ಕಾರ್ಕಳ, ಹೆಬ್ರಿಯ ತೋಟಗಳಲ್ಲಿ ಅಡಿಕೆಗೆ ಮದ್ದು ಬಿಡಲು ಜನ ಸಿಗುವುದಿಲ್ಲ. ಸುಮಾರು 40 ದಿನಕ್ಕೊಮ್ಮೆ ಬೋರ್ಡೋ ದ್ರಾವಣ ಬೀಳದಿದ್ದರೆ ಕೊಳೆರೋಗ ಖಚಿತ. ಬೋಟಿನ ಕೆಲಸ ಗೊತ್ತಿದ್ದವನಿಗೆ ಮರ ಹತ್ತಲು ಬರುವುದಿಲ್ಲವಲ್ಲ. ಆದರೆ ನೆಲದಲ್ಲೇ ನಿಂತು ಮದ್ದು ಬಿಡುವ ಫೈಬರ್ ದೋಟಿ (ಉದ್ದ ಕೋಲು) ಈಗ ಬಂದಿದೆ. ಅದರ ತರಬೇತಿಯನ್ನು ಮೇ ತಿಂಗಳಲ್ಲಿ ಮಲ್ಪೆಯಲ್ಲೇ ಇಟ್ಟರೆ ಒಂದಷ್ಟು ಮಂದಿಗಾದರೂ ಆ ಎರಡು ತಿಂಗಳು ದಾಟುತ್ತದೆ.

ಈಗ ನಮ್ಮ ಬೇಡಿಕೆ. ಮುಂದಿನ ಮೇಳದಲ್ಲಿ ಸ್ಟಾಲ್ ಕೊಡುವ ಮೊದಲೇ ಪ್ರತಿ ಕಂಪನಿಯಿಂದ ಒಂದು ಹಾಳೆ ಬರೆಸಿಕೊಂಡು ಅದನ್ನೇ ಸ್ಟಾಲಿನ ಮುಂದೆ ಅಂಟಿಸಿ. ಕೈಗೆ ಸಿಗುವ ಸಂಬಳ, ಪಾಳಿ, ರಾತ್ರಿ ಪಾಳಿಗೆ ವಾಹನ ಇದೆಯೇ, ಸಂಬಳದ ಚೀಟಿಯಲ್ಲಿ ಕಂಪನಿಯ ಹೆಸರೋ ಗುತ್ತಿಗೆದಾರನದ್ದೋ, ಮಧ್ಯೆ ಕೆಲಸ ಬಿಡುವಂತಿಲ್ಲವೆಂಬ ಬಾಂಡ್ ಇದ್ದರೆ ಎಷ್ಟು ತಿಂಗಳು ಎಂಬುದೆಲ್ಲ ಅದರಲ್ಲಿರಲಿ. ಅಪ್ರೆಂಟಿಸ್ ಹುದ್ದೆಗಳ ಲೆಕ್ಕ ಬೇರೆಯೇ ಇಡಿ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅವರು ತರಬೇತಿ ಪಡೆಯುವವರು, ಕಾರ್ಮಿಕರಲ್ಲ. ಅವರ ಸ್ಟೈಪೆಂಡನ್ನು ಉದ್ಯೋಗವೆಂದು ತೋರಿಸುವುದು ಸರಿಯಲ್ಲ.

ಎರಡನೆಯದು ಮೇಳದ ನಂತರದ್ದು. ಪಿಎಫ್ ಇರುವ ಸಂಸ್ಥೆಗಳು ಪ್ರತಿ ತಿಂಗಳ ಇಸಿಆರ್ (ಪಿಎಫ್ ಕಟ್ಟಿದ ಲೆಕ್ಕದ ಪಟ್ಟಿ) ಅನ್ನು ಮುಂದಿನ ತಿಂಗಳ 15ರೊಳಗೆ ಸಲ್ಲಿಸುತ್ತವೆ. ಅದರಲ್ಲಿ ಪ್ರತಿಯೊಬ್ಬರ ಯುಎಎನ್ (ಪಿಎಫ್ ಸಂಖ್ಯೆ), ವೇತನ, ವೇತನವಿಲ್ಲದ ದಿನಗಳು ಇರುತ್ತವೆ. ಮೇಳದಲ್ಲಿ ಆಯ್ಕೆಯಾದವರಲ್ಲಿ ನಾಲ್ಕನೇ ತಿಂಗಳ ಇಸಿಆರ್‌ನಲ್ಲಿ ಎಷ್ಟು ಮಂದಿ ಇದ್ದಾರೆ ಎಂಬ ಸಂಖ್ಯೆ ಕೊಡಲು ಕಂಪನಿಗೆ ಹತ್ತು ನಿಮಿಷ ಸಾಕು. ಹೆಸರು ಬೇಡ, ಸಂಖ್ಯೆ ಸಾಕು. ಇಪ್ಪತ್ತಕ್ಕಿಂತ ಕಡಿಮೆ ಜನರಿರುವ ಕಡೆ ಪಿಎಫ್ ಇರದೆ ಇರಬಹುದು. ಅಲ್ಲಿ ಆಯ್ಕೆಯಾದವರಿಗೇ ಫೋನ್ ಮಾಡಿ ಕೇಳಬೇಕು.

ಸಂಬಳ ಬಹಿರಂಗವಾದರೆ ಪಕ್ಕದ ಸ್ಟಾಲಿನವರು ನಮ್ಮ ಜನರನ್ನು ಸೆಳೆಯುತ್ತಾರೆ ಎಂದು ಕೆಲವು ಕಂಪನಿಗಳು ಗೊಣಗಬಹುದು. ಗೊಣಗಲಿ. ಹಾಳೆ ಕೊಡದವರಿಗೆ ಸ್ಟಾಲ್ ಇಲ್ಲವೆಂದು ಸುತ್ತೋಲೆಯಲ್ಲೇ ಬರೆದುಬಿಡಿ. ನಮೂನೆ ಬೇಕಿದ್ದರೆ ಒಂದು ಪುಟದ್ದು ಸಿದ್ಧವಿದೆ, ಜಿಲ್ಲಾಧಿಕಾರಿ ಕಚೇರಿ ಇರುವ ರಜತಾದ್ರಿಗೆ ತಂದುಕೊಡುತ್ತೇವೆ.

ಇಂತಿ,
ಸಂಬಳ ಲೆಕ್ಕ ಮತ್ತು ಅರ್ಥಶಾಸ್ತ್ರ ಬೋಧನೆಯಲ್ಲಿರುವ ಕೆಲವರು, ಉಡುಪಿ