ಮಗಳಿಗೊಂದು ಪತ್ರ: ಪಟ್ಟಿ ಇನ್ನೂ ಮುಗಿದಿಲ್ಲ

ಸಾಗರ
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ನೀನು ಕೇಳಿದ ಪುಸ್ತಕಗಳ ಪಟ್ಟಿ ಇನ್ನೂ ಮುಗಿದಿಲ್ಲ. ಫೋನ್ ಮಾಡಿದಾಗಲೆಲ್ಲ 'ಆಗ್ತಾ ಇದೆ' ಎಂದು ಜಾರಿಕೊಂಡೆ. ನಿಜ ಹೇಳಿದರೆ ನೀನು ನಗುತ್ತೀಯ. ಕಾಗದದಲ್ಲಾದರೆ ನನಗೆ ಕೇಳಿಸುವುದಿಲ್ಲ.

ಬಚ್ಚಲುಮನೆ ಕಡೆಯ ಗೋಡೆ ಈ ಸಲದ ಮಳೆಗೆ ಪೂರ್ತಿ ಥಂಡಿ ಹಿಡಿದಿದೆ. ಪೇಂಟ್ ಹೊಡೆಯುವವನು ಕಪಾಟು ಖಾಲಿ ಮಾಡಿಕೊಡಿ ಎಂದ. ನೀನು, 'ಹೇಗೂ ಇಳಿಸ್ತೀಯಲ್ಲ, ಹಾಗೇ ಒಂದು ಎಕ್ಸೆಲ್ ಶೀಟ್ ಮಾಡಿಬಿಡಮ್ಮ' ಎಂದು ಐದು ಕಾಲಂ ಹಾಕಿ ಕಳಿಸಿದೆ. ಹೆಸರು, ಲೇಖಕರು, ವರ್ಷ, ಬೆಲೆ, ವಿಭಾಗ. ಇಂದಿಗೆ ಐದು ದಿನವಾಯಿತು. ಪುಸ್ತಕಗಳು ನಡುಮನೆ ತುಂಬ ಕೂತಿವೆ. ಅಪ್ಪ ಊಟಕ್ಕೆ ಬರುವಾಗ ಕೊಕ್ಕರೆಯ ಹಾಗೆ ಕಾಲು ಎತ್ತಿ ಎತ್ತಿ ಇಡುತ್ತಾರೆ. ನಾನು ಬರೆದು ಮುಗಿಸಿರುವುದು 61.

ಇನ್ನೊಂದು ಗುಟ್ಟು. ನಮ್ಮನೆಯಲ್ಲಿ ಎರಡು ಸಾವಿರ ಪುಸ್ತಕ ಇದೆ ಎಂದು ಇಷ್ಟು ವರ್ಷ ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದೆ. ಎಣಿಸಿದರೆ 913. ಅದರಲ್ಲಿ ಎಂಟು ಪಂಚಾಂಗ.

ಮೊದಲು ಕೈಗೆ ಸಿಕ್ಕಿದ್ದು ಅಜ್ಜನ ಕುಮಾರವ್ಯಾಸ ಭಾರತ. ಮೈಸೂರು ಸರ್ಕಾರ ಜನರಿಗೆ ಕೈಗೆಟುಕುವ ಬೆಲೆಗೆ ತಂದಿತ್ತಲ್ಲ, ಕುವೆಂಪು ಮತ್ತು ಮಾಸ್ತಿ ಸಂಪಾದಿಸಿದ್ದು, ಅದೇ. ಮೊದಲಿನ ಹಾಳೆಗಳು ಹರಿದುಹೋಗಿವೆ, ಹಾಗಾಗಿ ನಿನ್ನ ವರ್ಷ, ಬೆಲೆ ಎರಡೂ ಕಾಲಂ ಖಾಲಿ. ಆದರೆ ಕೊನೆಯ ಖಾಲಿ ಹಾಳೆ ಗಟ್ಟಿಯಾಗಿದೆ. ಅಲ್ಲಿ ಅಜ್ಜನ ಅಕ್ಷರದಲ್ಲಿ ಕೌಲಿಯನ್ನು ಹೋರಿಗೆ ಬಿಟ್ಟ ತಾರೀಖು, ಅದರ ಕೆಳಗೆ ಕರು ಹಾಕಬೇಕಾದ ತಿಂಗಳು. ಇನ್ನೂ ಕೆಳಗೆ ಯಾರಿಗೋ ಕೊಟ್ಟ ಎರಡು ಮಣ ಅಡಿಕೆಯ ಲೆಕ್ಕ. ಮಳೆಗಾಲದ ಸಂಜೆ ಅವರು ಭಾಮಿನಿ ಷಟ್ಪದಿಯನ್ನು ರಾಗವಾಗಿ ಓದುತ್ತಿದ್ದರು. ಕೆಲಸದವರು, ಪಕ್ಕದ ಮನೆಯವರು, ನಾನು, ಎಲ್ಲ ಜಗುಲಿಯಲ್ಲಿ. ನಾನು ಮದುವೆಯಾಗಿ ಬಂದ ಹೊಸತು. ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೂ ಕೀಚಕನ ಪ್ರಸಂಗ ಬಂದ ದಿನ ಒಬ್ಬರೂ ಎದ್ದು ಹೋಗುತ್ತಿರಲಿಲ್ಲ. ಇದನ್ನು 'ವಿಭಾಗ: ಹಳೆಗನ್ನಡ/ನಡುಗನ್ನಡ' ಎಂದು ಬರೆಯಲು ಹೋಗಿ ಕೈ ನಿಂತಿತು. ಕೌಲಿಯ ಲೆಕ್ಕ ಯಾವ ವಿಭಾಗ?

ಅದರ ಪಕ್ಕದಲ್ಲಿದ್ದ ಹನ್ನೊಂದು ದಪ್ಪ ಸಂಪುಟ ನಿನಗೆ ಗೊತ್ತು. ಬೆನ್ನಿನ ಮೇಲೆ ಹೆಸರೇ ಇಲ್ಲ ಎಂದು ನೀನು 'ಮೂಕ ಪುಸ್ತಕ' ಅನ್ನುತ್ತಿದ್ದೆ. ಅವು 'ಕಸ್ತೂರಿ'. ಹುಬ್ಬಳ್ಳಿಯಿಂದ 1956ರಲ್ಲಿ ಶುರುವಾದ ಮಾಸಿಕ. ಪಾ.ವೆಂ. ಆಚಾರ್ಯರು ಸಂಪಾದಕರಾಗಿದ್ದ ಕಾಲದ್ದು ಜಾಸ್ತಿ ಇವೆ. ಸಂಚಿಕೆಯ ಕೊನೆಗೆ ಒಂದು ಇಡೀ ಪುಸ್ತಕವನ್ನು ಸಂಕ್ಷೇಪ ಮಾಡಿ ಕೊಡುತ್ತಿದ್ದರು. ಅಜ್ಜ ಆ ಭಾಗವನ್ನಷ್ಟೇ ಬಿಡಿಸಿ, ಹನ್ನೆರಡು ಆದ ಮೇಲೆ ತಾವೇ ಹೊಲಿದು ರಟ್ಟು ಹಾಕುತ್ತಿದ್ದರು. ಹೊಸ ಪುಸ್ತಕ ಕೊಳ್ಳಲು ಅವರ ಹತ್ತಿರ ದುಡ್ಡಿರಲಿಲ್ಲ. ಆದರೆ ವರ್ಷಕ್ಕೆ ಹನ್ನೆರಡು ಪುಸ್ತಕ ಮನೆಗೆ ಬರುತ್ತಿತ್ತು, ಅಲ್ವಾ?

ಅಂಟು ಮಾಡುವುದನ್ನು ನಾನು ನೋಡಿದ್ದೇನೆ. ಮೈದಾ ಹಿಟ್ಟನ್ನು ನೀರಲ್ಲಿ ಕಲಸಿ ಕುದಿಸುವುದು, ಇಳಿಸುವ ಮೊದಲು ಚಿಟಿಕೆ ಮೈಲುತುತ್ತ ಹಾಕುವುದು. ಮೈದಾ ಎಂದರೆ ಹುಳಕ್ಕೆ ಹಬ್ಬದೂಟ. ಪುಸ್ತಕದಲ್ಲಿ ಸರಕ್ಕನೆ ಓಡುವ ಆ ಬೆಳ್ಳಿ ಬಣ್ಣದ ಹುಳ ಬರುವುದೇ ಅಂಟು ತಿನ್ನಲಿಕ್ಕೆ. ಮೈಲುತುತ್ತ ಇದ್ದರೆ ಬಾಯಿ ಹಾಕುವುದಿಲ್ಲ. ಅದಕ್ಕಾಗಿ ಅಜ್ಜ ಪೇಟೆಗೇನೂ ಹೋಗಬೇಕಿರಲಿಲ್ಲ. ಅಡಿಕೆಗೆ ಕೊಳೆರೋಗ ಬರಬಾರದೆಂದು ಸುಣ್ಣದ ಜೊತೆ ಸೇರಿಸಿ ಹೊಡೆಯುತ್ತಾರಲ್ಲ, ಆ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಕೊಟ್ಟಿಗೆಯಲ್ಲಿ ಇದ್ದೇ ಇರುತ್ತಿತ್ತು. ತೋಟಕ್ಕೆ ಔಷಧಿ ಹೊಡೆದು ಉಳಿದದ್ದು ಕಸ್ತೂರಿಗೆ. ಈ ಸಲ ನಾನು ಅಂಗಡಿಯಿಂದ ಕೊಂಡ ಆರು ಪುಸ್ತಕಕ್ಕೆ ಬೂಷ್ಟು ಬಂದಿದೆ, ಎರಡಕ್ಕೆ ಹುಳ ಹಿಡಿದಿದೆ. ಆ ಹನ್ನೊಂದು ಸಂಪುಟಕ್ಕೆ ಒಂದು ತೂತೂ ಇಲ್ಲ.

ಕಾಗದದ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ನನ್ನ ಎಪ್ಪತ್ತರ ದಶಕದ ಕಾದಂಬರಿಗಳೆಲ್ಲ ಈಗ ಕಾಫಿ ಬಣ್ಣ. ಪುಟ ಮಡಚಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಹಾಗೇ ಉಳಿದಿರುತ್ತದಂತೆ, ಗಾಳಿ ಬೆಳಕು ತಾಗಿ ಅದು ಕಂದಾಗುತ್ತದೆ. ಆದರೆ ಅಪ್ಪ ಕಾಲೇಜಿನಲ್ಲಿದ್ದಾಗ ನವಕರ್ನಾಟಕ ಪ್ರಕಾಶನದವರ ಪ್ರದರ್ಶನದಲ್ಲಿ ಕೊಂಡ ರಷ್ಯದ ಪುಸ್ತಕಗಳನ್ನು ನೋಡು, ಇನ್ನೂ ಬೆಳ್ಳಗಿವೆ. ಮಾಸ್ಕೋದಲ್ಲಿ ಕನ್ನಡದಲ್ಲೇ ಅಚ್ಚಾದವು! ಗಟ್ಟಿ ರಟ್ಟು, ಬಣ್ಣದ ಚಿತ್ರ, ಜೇಬಿನ ಚಿಲ್ಲರೆಗೆ ಸಿಗುತ್ತಿದ್ದವು. ಸೋವಿಯತ್ ಒಕ್ಕೂಟ 1991ರಲ್ಲಿ ಮುರಿದುಬಿತ್ತು, ಆ ಪುಸ್ತಕಗಳೂ ನಿಂತವು. ಅಪ್ಪನಿಗೆ ಈಗಲೂ ಎರಡನೆಯದರ ಬಗ್ಗೆಯೇ ಜಾಸ್ತಿ ಬೇಸರ.

ವಿಭಾಗದ ಕಾಲಮ್ಮಿಗೆ ಇನ್ನೊಂದು ತಕರಾರು. 'ಕರ್ವಾಲೊ' ಎಲ್ಲಿ ಹಾಕಲಿ? ತೇಜಸ್ವಿಯವರ ಕಾದಂಬರಿ, ಸರಿ. ಆದರೆ ಹಾರುವ ಓತಿಯನ್ನು ಹುಡುಕಿ ಹೊರಡುವ ಕಥೆ ಓದಿಯೇ ಅಲ್ಲವೇ ನೀನು ಪಿಯುಸಿಯಲ್ಲಿ ಬಯಾಲಜಿ ಹಿಡಿದದ್ದು. ನೀನೇ ಅದನ್ನು ಪಠ್ಯಪುಸ್ತಕದ ಪಕ್ಕ ಇಟ್ಟಿದ್ದೆ. ನಾನು ಅಲ್ಲೇ ಬಿಟ್ಟಿದ್ದೇನೆ. ಎಸ್. ಆರ್. ರಂಗನಾಥನ್ ಗೊತ್ತಲ್ಲ, ಲೈಬ್ರರಿ ವಿಜ್ಞಾನದವರು, ಕೊನೆಗಾಲದಲ್ಲಿ ಬೆಂಗಳೂರಿನಲ್ಲೇ ಇದ್ದವರು. 1931ರಲ್ಲಿ ಅವರು ಕೊಟ್ಟ ಐದು ಸೂತ್ರಗಳಲ್ಲಿ ಕೊನೆಯದು, ಗ್ರಂಥಾಲಯ ಬೆಳೆಯುವ ಜೀವಿ ಎಂದು. ಅಪ್ಪನಿಗೆ ಹೇಳಿದೆ. 'ಬೆಳೀಲಿ, ನನ್ನ ಕುರ್ಚಿ ಮೇಲೆ ಬೇಡ' ಎಂದರು.

ನನ್ನ ಸಾಲಿಗೆ ಬರುತ್ತೇನೆ. ತ್ರಿವೇಣಿ, ಎಂ. ಕೆ. ಇಂದಿರಾ. ಅಪ್ಪ ಒಂದು ಕಾಲದಲ್ಲಿ ಇವನ್ನು 'ಹೆಂಗಸರ ಕಾದಂಬರಿ' ಎಂದು ಮೂಗು ಮುರಿಯುತ್ತಿದ್ದರು. ನನಗೆ ಜ್ವರ ಬಂದು ಮಲಗಿದ್ದ ಒಂದು ರಾತ್ರಿ ನೀರು ಕುಡಿಯಲು ಎದ್ದರೆ, ಅಡುಗೆಮನೆಯ ದೀಪದ ಕೆಳಗೆ ಕೂತು 'ಫಣಿಯಮ್ಮ' ಓದುತ್ತಿದ್ದರು. ಕಣ್ಣು ಒದ್ದೆ. ನಾನು ನೀರು ಕುಡಿಯದೆ ವಾಪಸ್ ಹೋಗಿ ಮಲಗಿದೆ. ಇದನ್ನು ಅವರ ಮುಂದೆ ಎತ್ತಬೇಡ. ನಮ್ಮ ಮಲೆನಾಡಿನ ವಿಧವೆಯರ ಬದುಕನ್ನು ಅಷ್ಟು ತಣ್ಣಗೆ ಯಾರೂ ಹೇಳಿಲ್ಲ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ, ಅವರಿಗೆ ಆಗ 46 ವರ್ಷ. ಅದೇ ವರ್ಷ ತ್ರಿವೇಣಿ ತೀರಿಕೊಂಡರು, 35 ತುಂಬುವ ಮೊದಲೇ. ಒಬ್ಬರು ಶುರು ಮಾಡಿದ ವರ್ಷವೇ ಇನ್ನೊಬ್ಬರದು ಮುಗಿಯಿತು. ಪಕ್ಕಪಕ್ಕ ಇಟ್ಟು ಒರೆಸುವಾಗ ಮೊನ್ನೆ ಹೊಳೆಯಿತು.

ತ್ರಿವೇಣಿಯ ಒಂದು ಕಾದಂಬರಿಯ ಒಳಗೆ ನೇರಳೆ ಬಣ್ಣದ ಸೀಲು ಇದೆ. ಸರ್ಕ್ಯುಲೇಟಿಂಗ್ ಲೈಬ್ರರಿಯದು. ನಾನು ಮದುವೆಗೆ ಮುಂಚೆ ದಿನಕ್ಕೆ ಹತ್ತು ಪೈಸೆಗೆ ತಂದದ್ದು. ಮದುವೆ ಗಡಿಬಿಡಿಯಲ್ಲಿ ಟ್ರಂಕಿನಲ್ಲಿ ಸೇರಿ ಬಂದುಬಿಟ್ಟಿತು. ಆರು ತಿಂಗಳು ಬಿಟ್ಟು ತವರಿಗೆ ಹೋದಾಗ ಹಿಂದಿರುಗಿಸಬಹುದಿತ್ತು. ಹೋದೆ, ಪುಸ್ತಕ ಒಯ್ಯಲಿಲ್ಲ. ಮರೆತೆ ಎಂದು ಇಷ್ಟು ದಿನ ಹೇಳುತ್ತಿದ್ದೆ. ಮರೆತಿರಲಿಲ್ಲ. ಆ ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ದಿನಕ್ಕೆ ಹತ್ತು ಪೈಸೆಯಂತೆ ನನ್ನ ಬಾಕಿ ಎಷ್ಟಾಯಿತೆಂದು ನಿನ್ನ ಎಕ್ಸೆಲ್ಲೇ ಹೇಳಲಿ.

ಓದದ ಪುಸ್ತಕಗಳನ್ನೂ ಒಪ್ಪಿಕೊಂಡುಬಿಡುತ್ತೇನೆ. ಮೂರರಲ್ಲಿ ಒಂದು ಪಾಲು ಆದೀತು. 'ಶ್ರೀ ರಾಮಾಯಣ ದರ್ಶನಂ' ಮೂರು ಸಲ ಹಿಡಿದೆ, ಮೂರು ಸಲವೂ ಅಯೋಧ್ಯಾ ಸಂಪುಟ ದಾಟಲಿಲ್ಲ. ನೀನು ಚಿಕ್ಕವಳಿದ್ದಾಗ ಹಾರ್ಮೋನಿಯಂಗೆ ಎಟಕುತ್ತಿಲ್ಲವೆಂದು ಅದರ ಮೇಲೆ ಕೂರುತ್ತಿದ್ದೆ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ ಪುಸ್ತಕ ಅದು! ಅಜ್ಜ ನೋಡಿದ ದಿನ ನನಗೆ ಬೈಗುಳ ಬಿತ್ತು, ನಿನಗಲ್ಲ. ಆದರೆ ಅದೇ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಐದು ಸಲ ಓದಿದ್ದೇನೆ. ಐದನೇ ಸಲ ನಾಯಿ ಹುಲಿಯನಿಗಾಗಿ ಅತ್ತೆ, ಮೊದಲ ನಾಲ್ಕು ಸಲ ಯಾಕೋ ಅತ್ತಿರಲಿಲ್ಲ.

ಪಕ್ಕದ ಮನೆಯವರು, 'ಇಷ್ಟೆಲ್ಲ ಯಾಕೆ, ಪಾಂಡವಪುರದ ಅಂಕೇಗೌಡರಿಗೆ ಕೊಟ್ಟುಬಿಡಿ' ಎಂದರು. ಬಸ್ ಕಂಡಕ್ಟರ್ ಆಗಿ, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದು, ಹರಳಹಳ್ಳಿಯಲ್ಲಿ ಲಕ್ಷಗಟ್ಟಲೆ ಪುಸ್ತಕ ಕೂಡಿಟ್ಟವರು. ಮೈಸೂರಿಗೆ ಹೋದಾಗ ಅಪ್ಪನೂ ನಾನೂ ನೋಡಿ ಬಂದಿದ್ದೇವಲ್ಲ. ನೆಲದಿಂದ ಸೂರಿನವರೆಗೆ ರಾಶಿ. ಹೊರಗೆ ಬಂದ ಮೇಲೆ ಅಪ್ಪ, 'ನಮ್ಮದು ಲೈಬ್ರರಿ ಅಲ್ಲ ಕಣೇ, ಬೀರು' ಎಂದರು. ನಿಜ. ಕೊಡುವ ಯೋಚನೆ ನನಗೂ ಬಂತು. ಯಾವುದನ್ನು ಕೊಡಬಹುದು ಎಂದು ಬೇರೆ ಇಡುತ್ತಾ ಬಂದೆ. ಸಂಜೆ ಹೊತ್ತಿಗೆ ಆ ಗುಂಪಿನಲ್ಲಿ ಇದ್ದದ್ದು ಆದಾಯ ತೆರಿಗೆಯ ಎರಡು ಕೈಪಿಡಿ, ಒಂದು ಪಂಚಾಂಗ. ಹಳೇ ಪಂಚಾಂಗ ಅವರೂ ಇಟ್ಟುಕೊಳ್ಳುತ್ತಾರೋ ಏನೋ.

ಪೇಂಟ್‌ನವನು ಬುಧವಾರ ಬರುತ್ತಾನೆ. ಅಷ್ಟರೊಳಗೆ ನಿನ್ನ ಕೋಣೆಯ ಮಂಚದ ಮೇಲೆ ಎಲ್ಲ ಪೇರಿಸಿ, ಪ್ಲಾಸ್ಟಿಕ್ ಹೊದಿಸಿಬಿಡುತ್ತೇನೆ. ಒಳಗೆ ಬಜೆ ಬೇರಿನ ತುಂಡು ಹಾಕಿದ್ದೇನೆ, ವಾಸನೆ ಬಂದರೆ ಗಾಬರಿಯಾಗಬೇಡ. ನೀನು ದೀಪಾವಳಿಗೆ ಬರುವ ಹೊತ್ತಿಗೆ ಮತ್ತೆ ಕಪಾಟಿಗೆ ಸೇರಿರುತ್ತವೆ. ಪಟ್ಟಿ ಮುಗಿದಿರುತ್ತದೆ ಎಂದು ಮಾತು ಕೊಡಲಾರೆ.

ಅಂದಹಾಗೆ, ನಿನ್ನ ಶೀಟಿಗೆ ನಾನು ಆರನೇ ಕಾಲಂ ಒಂದು ಸೇರಿಸಿದ್ದೇನೆ. 'ಯಾರ ಹತ್ತಿರ ಇದೆ'. ಎರವಲು ಹೋಗಿ ಬಾರದವು ನೆನಪಾದಷ್ಟು ಬರೆದೆ, 23 ಆದವು. ಅಪ್ಪನ ಸ್ನೇಹಿತರೇ ಹೆಚ್ಚು, ಅವರಲ್ಲಿ ಮೂವರು ಈಗ ಇಲ್ಲ. ಕಾರಂತರ 'ವಿಜ್ಞಾನ ಪ್ರಪಂಚ' ನಾಲ್ಕು ಸಂಪುಟ ಇರಬೇಕಿತ್ತು. ಮೂರು ಸಿಕ್ಕಿತು. ಎರಡನೆಯದು ಇಲ್ಲ. ಮೂರು ದಿನ ಹುಡುಕಿದೆ, ಅಟ್ಟಕ್ಕೂ ಹತ್ತಿದೆ. ಆಮೇಲೆ ಮೊನ್ನೆ ನೀನು ವಿಡಿಯೊ ಕಾಲ್ ಮಾಡಿದಾಗ ನಿನ್ನ ಹಿಂದಿನ ಮೇಜಿನ ಮೇಲೆ, ಲ್ಯಾಪ್‌ಟಾಪ್ ಎತ್ತರ ಮಾಡಲು ಇಟ್ಟ ಗುಂಪಿನಲ್ಲಿ, ಕೆಳಗಿನಿಂದ ಎರಡನೆಯದು ನೋಡಿದೆ. ಖಾಕಿ ಕಾಗದದ ಹೊದಿಕೆ, ಬೆನ್ನಿನ ಮೇಲೆ ಅಜ್ಜನ ಅಕ್ಷರ.

ಆರನೇ ಕಾಲಮ್ಮಿನಲ್ಲಿ ನಿನ್ನ ಹೆಸರು ಬರೆದಿದ್ದೇನೆ. ಬರುವಾಗ ತಾ. ಒದ್ದೆಯಾಗದ ಹಾಗೆ ಬಟ್ಟೆಯ ನಡುವೆ ಇಟ್ಟುಕೊಂಡು ಬಾ.

ಇಂತಿ,
ಅಮ್ಮ